ಗಿರಣಿ ಸಾಲಿನ ಹನ್ನೆರಡು ನಿಮಿಷ

ಏಪ್ರಿಲ್ 2

ಚಿನಕುರಳಿ,

ಎರಡು ತಿಂಗಳಿಂದ ನಿನ್ನದೊಂದು ಸಾಲೂ ಇಲ್ಲ. ಮೋಡದ ಹಿಂದೆ ಓಡುವವಳಿಗೆ ದೊಡ್ಡಮ್ಮ ಎಲ್ಲಿ ನೆನಪಾಗಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ನಿನ್ನ ಅಮ್ಮ ಬರೆದಿದ್ದಾಳೆ: "ಸುಂಟರಗಾಳಿ ಹುಟ್ಟೋ ಜಾಗಕ್ಕೇ ಗಾಡಿ ತಗೊಂಡು ಹೋಗ್ತಾಳಂತೆ, ಅಕ್ಕಾ. ನೀನಾದ್ರೂ ಬುದ್ಧಿ ಹೇಳು." ನಾನು ಹೇಳುವುದಿಲ್ಲ. ಮೂವತ್ತೊಂದು ವರ್ಷ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡವಳು ಇನ್ನೊಬ್ಬರಿಗೆ ಜೋಪಾನ ಹೇಳಿದರೆ ಯಾರಾದರೂ ನಗುತ್ತಾರೆ.

ಈಗ ಬರೆಯುತ್ತಿರುವುದನ್ನು ನಿನ್ನ ಅಮ್ಮನ ಕಿವಿಗೆ ಹಾಕಬೇಡ. ಹಾಕಿದರೆ ನಾಳೆಯೇ ನನ್ನನ್ನು ಡಾಕ್ಟರ ಮುಂದೆ ಕೂರಿಸುತ್ತಾಳೆ.

ಮೊನ್ನೆ ಮೂವತ್ತೊಂದನೇ ತಾರೀಕು ಮಧ್ಯಾಹ್ನ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದೆ. ನೆಲ ಅದುರಿತು. ಲಾರಿ ಹೋದರೆ ಆಗುವ ಅದುರಲ್ಲ, ಅದು ನನಗೆ ಗೊತ್ತು. ಇದು ಗಿರಣಿಯ ಅದುರು. ಬೆಳಗ್ಗೆ ಎಲ್ಲ ಮಗ್ಗಗಳೂ ಒಟ್ಟಿಗೆ ಶುರುವಾದಾಗ ಅಂಗಾಲಿನಿಂದ ಹತ್ತಿ, ಮೊಣಕಾಲು ದಾಟಿ, ಹಲ್ಲಿನ ಬುಡಕ್ಕೆ ಬಂದು ನಿಲ್ಲುತ್ತಿತ್ತಲ್ಲ, ಅದೇ. ಗಡಿಯಾರ ನೋಡಿದೆ, ನಾಲ್ಕು ಹತ್ತು. ಗಿರಣಿ ಮುಚ್ಚಿ ಒಂಬತ್ತು ವರ್ಷವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಹೇಳಿಕೊಂಡು ಸುಮ್ಮನಿರಬಹುದಿತ್ತು. ರಸ್ತೆ ದಾಟಿ ನೋಡಲು ಹೋದೆ. ಬೀಗಕ್ಕೆ ತುಕ್ಕು ಹಿಡಿದಿದೆ, ಯಾರೂ ಮುಟ್ಟಿಲ್ಲ. ಕಿಟಕಿಯ ಧೂಳು ಒರೆಸಿ ಇಣುಕಿದೆ. ಮಗ್ಗಗಳನ್ನು ಕಳಚಿ ಸಾಗಿಸಿ ಎಷ್ಟೋ ವರ್ಷವಾಗಿದೆ, ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಸಾಲುಸಾಲಾಗಿ ಉಳಿದಿವೆ. ಆ ಖಾಲಿ ನೆಲದ ಮೇಲೆ ಪಾರಿವಾಳಗಳು ಕೂತಿದ್ದವು, ನೂರಕ್ಕೂ ಹೆಚ್ಚು. ಒಂದೂ ತೊಲೆಯ ಮೇಲಿರಲಿಲ್ಲ. ಎಲ್ಲವೂ ಪಶ್ಚಿಮದ ಗೋಡೆಗೆ ಮುಖ ಮಾಡಿದ್ದವು. ಕಿಟಕಿಯ ಚೌಕಟ್ಟಿಗೆ ಅಂಗೈ ಇಟ್ಟೆ. ಅದೂ ಅದುರುತ್ತಿತ್ತು.

ಆಮೇಲೆ ಗಾಳಿ ಬಂತು, ಆಲಿಕಲ್ಲು ಬಿತ್ತು. ಮೂರು ಮೈಲಿ ಆಚೆ ಸುಂಟರಗಾಳಿ ಒಂದು ಕೊಟ್ಟಿಗೆಯನ್ನು ಬುಡಸಮೇತ ಎತ್ತಿಕೊಂಡು ಹೋಯಿತಂತೆ. ನಿಜ ಹೇಳು, ನನಗೆ ತಲೆ ಕೆಟ್ಟಿದೆಯಾ?

ನಿನ್ನ ದೊಡ್ಡಮ್ಮ

•

ಏಪ್ರಿಲ್ 9

ದೊಡ್ಡಮ್ಮಾ,

ನಿನ್ನ ತಲೆ ನನ್ನ ತಲೆಗಿಂತ ಗಟ್ಟಿಯಾಗಿದೆ. ಪತ್ರ ಓದಿ ನಾನು ಊಟ ಬಿಟ್ಟು ಎದ್ದೆ.

ನಮ್ಮ ತಂಡ ಇರುವುದು ಒಂದು ಮುಚ್ಚಿದ ಶಾಲೆಯಲ್ಲಿ. ಈ ಮೂರು ತಿಂಗಳು ಅದೇ ನಮ್ಮ ಬಿಡಾರ. ಕಪ್ಪುಹಲಗೆಯ ಮೇಲೆ ಗಾಳಿಯ ನಕ್ಷೆ, ಮಕ್ಕಳ ಬೆಂಚುಗಳ ಮೇಲೆ ರೇಡಾರಿನ ಪರದೆಗಳು. ಬೆಳಗ್ಗೆ ಬಲೂನು ಬಿಡುತ್ತೇವೆ, ಮೇಲೆ ಎಷ್ಟು ಎತ್ತರದಲ್ಲಿ ಯಾವ ದಿಕ್ಕಿನ ಗಾಳಿ ಎಂದು ಅದು ತಿಳಿಸುತ್ತದೆ. ಮಧ್ಯಾಹ್ನ ಗಾಡಿ ಹತ್ತಿ ಮೋಡದತ್ತ ಹೋಗುತ್ತೇವೆ. ಎಲ್ಲರೂ ಓಡಿ ಬರುವ ಕಡೆಗೆ ನಾವು ಓಡುವುದು, ಅಷ್ಟೇ ನಮ್ಮ ಕೆಲಸ.

ಸುಂಟರಗಾಳಿ ಹೇಗೆ ಹುಟ್ಟುತ್ತದೆ ಎಂದು ನಿನಗೆ ಹೇಳುವುದು ಸುಲಭ, ನೀನು ನೂಲಿನವಳು. ನೆಲದ ಹತ್ತಿರ ಗಾಳಿ ಮೆಲ್ಲಗೆ ಒಂದು ಕಡೆಗೆ, ಮೇಲೆ ಜೋರಾಗಿ ಇನ್ನೊಂದು ಕಡೆಗೆ ಬೀಸಿದರೆ ನಡುವಿನ ಗಾಳಿ ಎರಡು ಅಂಗೈ ನಡುವೆ ಹೊಸೆದ ಎಳೆಯ ಹಾಗೆ ಉರುಳುತ್ತದೆ. ಆ ಎಳೆ ಅಡ್ಡ ಮಲಗಿರುತ್ತದೆ. ಬಿಸಿಗಾಳಿ ಕೆಳಗಿನಿಂದ ನುಗ್ಗಿ ಅದನ್ನು ಎತ್ತಿ ನಿಲ್ಲಿಸಿದರೆ ಇಡೀ ಮೋಡವೇ ತಿರುಗತೊಡಗುತ್ತದೆ. ಇಲ್ಲಿಯವರೆಗೆ ನಮಗೆ ಗೊತ್ತು. ಹೀಗೆ ತಿರುಗುವ ಮೋಡಗಳಲ್ಲಿ ಕೆಲವು ಮಾತ್ರ ನೆಲಕ್ಕೆ ಸೊಂಡಿಲು ಇಳಿಸುತ್ತವೆ, ಉಳಿದವು ಸುಮ್ಮನೆ ಕರಗುತ್ತವೆ. ಯಾವುದು ಇಳಿಸುತ್ತದೆ, ಯಾಕೆ, ಯಾವಾಗ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಎಚ್ಚರಿಕೆ ಕೊಟ್ಟಾಗ ಹೆಚ್ಚು ಸಲ ಅದು ಸುಳ್ಳಾಗುತ್ತದೆ, ಜನ ನಂಬುವುದನ್ನೇ ಬಿಡುತ್ತಾರೆ.

ಸುಂಟರಗಾಳಿಗೆ ಒಂದು ಸದ್ದಿದೆ ಎನ್ನುತ್ತಾರೆ, ಕಿವಿಗೆ ಕೇಳದಷ್ಟು ತಗ್ಗಿನ ಸದ್ದು. ನಿನ್ನ ಕಾಲಿಗೆ ಸಿಕ್ಕಿದ್ದು ಅದೇ ಇರಬೇಕು. ಈಗ ಕೇಳು. ಮೂವತ್ತೊಂದರಂದು ಆ ಸೊಂಡಿಲು ನೆಲ ಮುಟ್ಟಿದ್ದು ನಾಲ್ಕು ಇಪ್ಪತ್ತೆರಡಕ್ಕೆ. ನಿನಗೆ ಅದುರು ಬಂದದ್ದು ನಾಲ್ಕು ಹತ್ತಕ್ಕೆ. ಹುಟ್ಟುವ ಮೊದಲೇ ಗೊತ್ತಾಯಿತಲ್ಲ! ಒಂದು ಸಲ ಆಗಿದ್ದು ಆಕಸ್ಮಿಕ ಇರಬಹುದು. ಇನ್ನು ಮೇಲೆ ಪ್ರತಿ ಸಲ ಗಂಟೆ, ನಿಮಿಷ ಬರೆದಿಡು. ಒಂದು ಪೆಟ್ಟಿಗೆಯನ್ನೂ ಕಳಿಸುತ್ತಿದ್ದೇನೆ. ಗಾಳಿಯ ಒತ್ತಡ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಅಡುಗೆಮನೆಯ ಮೂಲೆಯಲ್ಲಿಡು, ಮೇಲೆ ತರಕಾರಿ ಬುಟ್ಟಿ ಇಡಬೇಡ.

ಚಿನಕುರಳಿ

•

ಏಪ್ರಿಲ್ 17

ಚಿನಕುರಳಿ,

ಪೆಟ್ಟಿಗೆ ಬಂತು. ಬುಟ್ಟಿ ಇಟ್ಟಿಲ್ಲ. ಅದರ ಸೂಜಿ ದಿನವಿಡೀ ಗೆರೆ ಎಳೆಯುತ್ತಾ ಕೂತಿರುವುದನ್ನು ನೋಡಿದರೆ ಮನೆಗೆ ಮಾತಿಲ್ಲದ ನೆಂಟರು ಬಂದ ಹಾಗಿದೆ.

ಪೆಟ್ಟಿಗೆ ಬರುವ ಮುಂಚೆ, ಹದಿನಾಲ್ಕರಂದು, ಇನ್ನೊಂದು ಸಲ ಅದುರು ಬಂತು. ಐದು ಮೂವತ್ತೊಂದು. ಬಾಗಿಲಿಗೆ ಒರಗಿ ನಿಂತು ಗಮನವಿಟ್ಟೆ. ಮೂರನೇ ಸಾಲಿನಲ್ಲಿ ನನ್ನ ಮಗ್ಗದ ಪಕ್ಕ ಒಂದು ಕುಂಟು ಮಗ್ಗವಿತ್ತು, ಏಳು ಪೆಟ್ಟಿಗೊಮ್ಮೆ ಎಡವುತ್ತಿತ್ತು. ಈ ಅದುರಿನಲ್ಲೂ ಅದು ಎಡವಿತು. ನಾನು ಎಣಿಸಿದೆ. ನೀನು ತಗ್ಗಿನ ಸದ್ದು ಎನ್ನುತ್ತೀಯ, ನೀನು ಓದಿದವಳು, ಒಪ್ಪುತ್ತೇನೆ. ಆದರೆ ಆ ಮಗ್ಗವನ್ನು ನಡೆಸುತ್ತಿದ್ದವಳು ಸತ್ತು ಹದಿನಾರು ವರ್ಷವಾಯಿತು.

ಎದುರು ಮನೆಯ ಟೈಮ್‌ಕೀಪರ್, ಗಿರಣಿಯ ಗಡಿಯಾರ ನೋಡಿಕೊಳ್ಳುತ್ತಿದ್ದವನು, ನಿನಗೆ ನೆನಪಿರಬೇಕು. ನೀನು ಚಿಕ್ಕವಳಿದ್ದಾಗ ರಜೆಗೆ ಬಂದರೆ ಗಿರಣಿ ಗೋಪುರದ ಗಡಿಯಾರ ತೋರಿಸಲು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಅವನ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನ ಹೋಗಿ ನಾಲ್ಕು ವರ್ಷವಾಯಿತು. ಅವನು ಮಾತ್ರ ದಿನಾ ಸಂಜೆ ಐದಕ್ಕೆ ಗೋಪುರ ಹತ್ತಿ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಇನ್ನೂ ಬಿಟ್ಟಿಲ್ಲ. ನನ್ನ ಅದುರಿನ ಕಥೆ ಕೇಳಿ ನಕ್ಕ. "ದೊಡ್ಡಕ್ಕಾ, ಕಿವಿ ಹೋಯ್ತು ಅಂತ ಕಾಲಿಗೆ ಕೆಲಸ ಹಚ್ಚಿದ್ದೀರಾ?" ಎಂದ. ಅವನ ತುಟಿ ಓದುವುದು ಸುಲಭ, ಹಲ್ಲಿಲ್ಲ.

ನಿನ್ನ ದೊಡ್ಡಮ್ಮ

•

ಮೇ 2

ದೊಡ್ಡಮ್ಮಾ,

ಕೂತು ಓದು. ಹದಿನಾಲ್ಕರ ಸೊಂಡಿಲು ನೆಲ ಮುಟ್ಟಿದ್ದು ಐದು ನಲವತ್ಮೂರಕ್ಕೆ. ಮತ್ತೆ ಹನ್ನೆರಡು ನಿಮಿಷ! ಇಪ್ಪತ್ತಾರರ ಅದುರಿಗೆ ನೀನು ಬರೆದಿದ್ದು ನಾಲ್ಕು ಐವತ್ತೊಂದು. ನೀನು ಕಳಿಸಿದ ಕಾಗದದಲ್ಲಿ ಪೆಟ್ಟಿಗೆಯ ಗೆರೆ ಕುಣಿದಿದ್ದು ಐದು ಗಂಟೆ ಮೂರು ನಿಮಿಷಕ್ಕೆ, ರೇಡಾರಿನಲ್ಲಿ ಸೊಂಡಿಲು ಇಳಿದದ್ದೂ ಅದೇ ನಿಮಿಷಕ್ಕೆ. ಅಂದರೆ ಪೆಟ್ಟಿಗೆಗೆ ಗೊತ್ತಾಗುವುದಕ್ಕೂ ಹನ್ನೆರಡು ನಿಮಿಷ ಮೊದಲು ನಿನಗೆ ಗೊತ್ತಾಗಿದೆ. ಒಂದೇ ಮನೆ, ಒಂದೇ ನೆಲ. ಯಂತ್ರಕ್ಕೆ ಸಿಗದ ಏನೋ ಒಂದು ನಿನ್ನ ಅಂಗಾಲಿಗೆ ಸಿಗುತ್ತಿದೆ.

ನಮ್ಮ ಗಂಟುಮೋರೆ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಗಡಿಯಾರ ನೋಡಿದ್ದೀಯಾ?" ನನಗೆ ಸಿಟ್ಟು ಬಂತು. "ಸರ್, ಅವರು ಮೂವತ್ತೊಂದು ವರ್ಷ ಸೈರನ್ ಹೊಡೆಯೋ ಮುಂಚೆ ಮಗ್ಗದ ಮುಂದೆ ನಿಂತವರು. ನಿಮಿಷ ತಪ್ಪೋರಲ್ಲ" ಎಂದೆ. ಅವರು ಹುಬ್ಬೇರಿಸಿ ಕಾಗದ ವಾಪಸು ಕೊಟ್ಟರು. ನಾನು ವರದಿ ಬರೆಯಲು ಕೂತಿದ್ದೇನೆ.

ಹನ್ನೆರಡು ನಿಮಿಷ ಎಂದರೆ ಎಷ್ಟು ಹೊತ್ತು ಗೊತ್ತಾ? ಕಳೆದ ವಾರ ನಾವು ಒಂದು ಮೋಡದ ಕೆಳಗಿದ್ದೆವು. ಬೆಳಕು ಬಾಟಲಿ ಗಾಜಿನ ಹಾಗೆ ಹಸಿರಾಯಿತು. ಹಕ್ಕಿ ಇಲ್ಲ, ಎಲೆ ಅಲುಗುವುದಿಲ್ಲ, ನಮ್ಮ ಎಂಜಿನ್ ಸದ್ದೂ ದೂರದಿಂದ ಬಂದ ಹಾಗೆ. ರಸ್ತೆಯ ಮೇಲೆ ಒತ್ತಡ ಅಳೆಯುವ ಭಾರದ ಡಬ್ಬಗಳನ್ನು ಇಡಬೇಕು, ನಾವು ಅವನ್ನು ಆಮೆ ಎನ್ನುತ್ತೇವೆ. ಮೂರನೇ ಆಮೆ ಇಡುವಾಗ ತಲೆಯೆತ್ತಿದೆ. ಸೊಂಡಿಲು ಜಾಗ ಬಿಟ್ಟು ಕದಲುತ್ತಲೇ ಇರಲಿಲ್ಲ, ದಪ್ಪವಾಗುತ್ತಿತ್ತು ಅಷ್ಟೇ. ಕದಲದೆ ದಪ್ಪವಾಗುತ್ತಿದೆ ಎಂದರೆ ನೇರ ನಮ್ಮ ಕಡೆಗೇ ಬರುತ್ತಿದೆ ಎಂದರ್ಥ. ನಮಗೆ ಸಿಕ್ಕಿದ್ದು ಒಂದೂವರೆ ನಿಮಿಷ. ಹನ್ನೆರಡು ಸಿಕ್ಕಿದರೆ ಒಂದು ಊರನ್ನೇ ಉಳಿಸಬಹುದು.

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ. ಕೈಗೆ ಸಣ್ಣ ತರಚು ಗಾಯ, ಏನೂ ಇಲ್ಲ.

ಚಿನಕುರಳಿ

•

ಮೇ 12

ಚಿನಕುರಳಿ,

ಸಣ್ಣ ತರಚು ಗಾಯದಿಂದ ಅಕ್ಷರ ಹಾಗೆ ಮಗುಚಿ ಬೀಳುವುದಿಲ್ಲ. ಕಟ್ಟು ಹಾಕಿದ ಕೈಯಲ್ಲಿ ಬರೆದಿದ್ದೀಯ, ನಾನು ಕಂಡಿದ್ದೇನೆ. ಇರಲಿ, ನೀನು ಮುಚ್ಚಿಟ್ಟದ್ದಕ್ಕೆ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ.

ನಿನ್ನ ಪತ್ರವನ್ನು ನಮ್ಮ ಗಿರಣಿ ಸಾಲಿನ ಹದಿನಾಲ್ಕು ಮನೆಗೂ ಓದಿ ಹೇಳಿದೆ. ಎಲ್ಲ ಗಿರಣಿಯಲ್ಲಿ ಬಾಳು ಸವೆಸಿದವರೇ, ಅರ್ಧ ಜನಕ್ಕೆ ಮಂಡಿ ಇಲ್ಲ, ಉಳಿದರ್ಧಕ್ಕೆ ಉಸಿರಿಲ್ಲ. ರೇಡಿಯೋದವನು ವಾರಕ್ಕೆ ಮೂರು ಸಲ ಎಚ್ಚರಿಕೆ ಕೊಡುತ್ತಾನೆ, ಯಾರೂ ಕೂತ ಕುರ್ಚಿಯಿಂದ ಏಳುವುದಿಲ್ಲ. ನನ್ನ ಕಾಲನ್ನು ನಂಬಿದ್ದಾರೆ. ಹೀಗೊಂದು ಏರ್ಪಾಡು ಮಾಡಿದ್ದೇವೆ: ಅದುರು ಬಂದ ಕೂಡಲೇ ನಾನು ಹೊರಟು, ಲಟ್ಟಣಿಗೆಯಲ್ಲಿ ಹದಿನಾಲ್ಕು ಗೇಟಿಗೂ ಬಡಿಯುತ್ತಾ ಹೋಗುವುದು. ಎಲ್ಲರೂ ಗಿರಣಿಯ ಹಿಂದೆ, ಬಣ್ಣ ಇಡುತ್ತಿದ್ದ ನೆಲಮಾಳಿಗೆಗೆ ಇಳಿಯುವುದು. ಟೈಮ್‌ಕೀಪರನ ಹೆಂಡತಿಯನ್ನು ಇಬ್ಬರು ಕುರ್ಚಿಯಲ್ಲಿ ಎತ್ತಿ ತರುವುದು. ಎರಡು ಸಲ ಅಭ್ಯಾಸ ಮಾಡಿದೆವು. ಮೊದಲ ಸಲ ಹದಿನಾರು ನಿಮಿಷ ಹಿಡಿಯಿತು, ಎರಡನೇ ಸಲ ಹನ್ನೊಂದು. ಒಂದು ನಿಮಿಷ ಉಳಿಯಿತು! ಮುದುಕರೆಲ್ಲ ಪಂದ್ಯ ಗೆದ್ದ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು, ನಾನು ಅವರ ಕೈ ನೋಡಿ ತಟ್ಟಿದೆ. ಗಿರಣಿ ಬಿಟ್ಟ ಮೇಲೆ ಯಾರಿಗಾದರೂ ನಾನು ಬೇಕಾಗಿದ್ದು ಇದೇ ಮೊದಲು.

ನಿನ್ನ ಮುಖ್ಯಸ್ಥರ ಗಡಿಯಾರದ ಮಾತನ್ನು ಟೈಮ್‌ಕೀಪರನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಕೆಲಸಕ್ಕೆ ಸೇರಿದ ವಾರವೇ ಮಾಲೀಕರು ಕರೆದು, ಗೋಪುರದ ಗಡಿಯಾರವನ್ನು ಹನ್ನೆರಡು ನಿಮಿಷ ಹಿಂದಿಟ್ಟಿರು, ಸಂಜೆ ಆಳುಗಳು ಅಷ್ಟು ಹೆಚ್ಚು ದುಡಿಯುತ್ತಾರೆ ಎಂದಿದ್ದರಂತೆ. ನಮಗ್ಯಾರಿಗೂ ಕೈಗಡಿಯಾರ ಕಟ್ಟಲು ಬಿಡುತ್ತಿರಲಿಲ್ಲವಲ್ಲ, ಅದಕ್ಕೇ! ಬೆಳಗ್ಗೆ ಮಾತ್ರ ಬೇಗ ಸೈರನ್ ಹೊಡೆಸುತ್ತಿದ್ದರಂತೆ, ಕಳ್ಳರು. "ಈಗ್ಲಾದ್ರೂ ಸರಿ ಮಾಡೋ" ಎಂದೆ. "ಹಿಂದಿಡು ಅಂದೋರು ಬಂದು ಬೇಡ ಅನ್ಲಿ, ಆಮೇಲೆ ನೋಡೋಣ" ಎಂದ. ಸಾಲಿನ ಮನೆಗಳಲ್ಲೆಲ್ಲ ಅವನ ಗೋಪುರದ್ದೇ ಗಂಟೆ. ಬಸ್ಸಿನವನು ದಿನಾ ಮುಂಚೆ ಹೊರಡುತ್ತಾನೆಂದು ಅಷ್ಟು ವರ್ಷ ಅವನನ್ನು ಬೈದೆವು ನೋಡು.

ನಿನ್ನ ದೊಡ್ಡಮ್ಮ

•

ಮೇ 19

(ಅಂಚೆ ಕಚೇರಿಯಲ್ಲಿ ಫೋನಿನಲ್ಲಿ ಕೇಳಿ ಬರೆದುಕೊಂಡ ಚೀಟಿ)

ದೊಡ್ಡಮ್ಮನಿಗೆ. ಹನ್ನೆರಡು ನಿಮಿಷ ಇಲ್ಲ. ಒಂದು ನಿಮಿಷವೂ ಇಲ್ಲ. ಅದುರಿಗೆ ಕಾಯಬೇಡ. ನಾಳೆ ಮಧ್ಯಾಹ್ನ ಪಶ್ಚಿಮದಲ್ಲಿ ಮೋಡ ಎದ್ದ ಕೂಡಲೇ ಎಲ್ಲರನ್ನೂ ಕರೆದುಕೊಂಡು ನೆಲಮಾಳಿಗೆಗೆ ಇಳಿ. ಕಾರಣ ಪತ್ರದಲ್ಲಿ ಬರೆಯುತ್ತೇನೆ.

ಇದು ಅಂಚೆಯವನ ಮಾತು: ಹುಡುಗಿ ಅಳುತ್ತಿದ್ದಳು. ಎರಡು ಸಲ ನನ್ನಿಂದ ಓದಿಸಿ ಕೇಳಿಸಿಕೊಂಡಳು. ನಿಮ್ಮ ಸಾಲಿಗೆ ನಾಳೆಯ ಸರದಿಯಲ್ಲೇ ಬರಲಾಗುವುದು.

•

ಮೇ 19

ದೊಡ್ಡಮ್ಮಾ,

ಚೀಟಿ ನಿನಗೆ ಸಿಕ್ಕಿರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಸಿಗದಿದ್ದರೆ ಈ ಪತ್ರದಿಂದ ಉಪಯೋಗವಿಲ್ಲ.

ನಿನ್ನ ಪತ್ರದ ಕೊನೆಯ ಭಾಗ ಓದುವಾಗ ಮೊದಲು ನಕ್ಕೆ. ಆಮೇಲೆ ನಿನ್ನ ಹಳೆಯ ಪತ್ರಗಳನ್ನು ತೆಗೆದು ನಿಮಿಷಗಳನ್ನು ಮತ್ತೆ ಕೂಡಿಸಿದೆ. ನಿನ್ನ ಗೋಡೆಯ ಗಡಿಯಾರ ಹನ್ನೆರಡು ನಿಮಿಷ ಹಿಂದಿದೆ. ನಾಲ್ಕು ಹತ್ತು ಎಂದು ನೀನು ಬರೆದಾಗ ನಿಜವಾಗಿ ನಾಲ್ಕು ಇಪ್ಪತ್ತೆರಡು. ಅದುರು ಮುಂಚೆ ಬರುತ್ತಿಲ್ಲ, ದೊಡ್ಡಮ್ಮಾ. ಸೊಂಡಿಲು ನೆಲ ಮುಟ್ಟಿದ ನಿಮಿಷಕ್ಕೇ ಬರುತ್ತಿದೆ. ಈವರೆಗೆ ಅವು ಮೂರ್ನಾಲ್ಕು ಮೈಲಿ ಆಚೆ ಇಳಿದು ಬೇರೆ ದಿಕ್ಕಿಗೆ ಹೋದವು. ನಿಮ್ಮ ಸಾಲಿನ ಹತ್ತಿರವೇ ಇಳಿದರೆ, ನಿನ್ನ ಕಾಲಿಗೆ ಗೊತ್ತಾಗುವ ಹೊತ್ತಿಗೆ ಅದು ಗೇಟಿನಲ್ಲಿರುತ್ತದೆ.

ಪೆಟ್ಟಿಗೆ ಸರಿಯಾಗಿಯೇ ಹೇಳಿತ್ತು, ರೇಡಾರೂ ಅದನ್ನೇ ಹೇಳಿತ್ತು. ಮುಖ್ಯಸ್ಥರು ಗಡಿಯಾರದ ಬಗ್ಗೆ ಕೇಳಿಯೂ ಕೇಳಿದರು. ನಿನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಯಾಕೆಂದರೆ ಅದು ನಿಜವಾಗಿರಲಿ ಎಂದು ನನಗೆ ಅಷ್ಟು ಆಸೆಯಿತ್ತು. ವರದಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮರ್ಯಾದೆ ಹೋಗಲಿ, ಅದು ದೊಡ್ಡದಲ್ಲ. ನೀನು ಲಟ್ಟಣಿಗೆ ಹಿಡಿದು ಒಂದೊಂದೇ ಗೇಟು ಬಡಿಯುತ್ತಾ ನಡೆಯುವುದು ಕಣ್ಣಿಗೆ ಕಟ್ಟುತ್ತಿದೆ.

ನಾಳೆ ನಿಮ್ಮ ಕಡೆ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ತಾಳಮೇಳವಿಲ್ಲ. ಇಂಥ ನಕ್ಷೆಯನ್ನು ನಾನು ಈ ವರ್ಷ ನೋಡಿಲ್ಲ. ಇಲ್ಲಿಂದ ಎರಡು ದಿನದ ದಾರಿ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ಚಿನಕುರಳಿ

•

ಮೇ 28

ಚಿನಕುರಳಿ,

ನಾನು ಬದುಕಿದ್ದೇನೆ. ನಿನ್ನ ಅಮ್ಮನಿಗೆ ಮೊದಲೇ ತಿಳಿಸಿದೆ, ಅವಳು ನಿನಗೆ ಫೋನ್ ಮಾಡಿರುತ್ತಾಳೆ.

ಇಪ್ಪತ್ತರಂದು ಚೀಟಿ ಸಿಕ್ಕಿದ್ದು ಮೂರು ಐವತ್ತಕ್ಕೆ. ಗೋಪುರದ ಮೂರು ಐವತ್ತು. ಅಂಚೆಯವನು ಬಾಗಿಲು ಬಡಿದಿದ್ದು ನನಗೆ ತಿಳಿಯುವುದಿಲ್ಲ ಎಂದು ಕಿಟಕಿಯ ಮುಂದೆ ನಿಂತು ಕೈ ಬೀಸಿದ. ಅವನ ಹಿಂದೆ ಆಕಾಶ ಆಗಲೇ ಕರಿನೀಲಿಗಟ್ಟಿತ್ತು. ಅದುರು ಬಂದಿದ್ದು ನಾಲ್ಕು ಮೂವತ್ತೈದಕ್ಕೆ. ಬರೆದುಕೋ. ಎಲ್ಲರೂ ನೆಲಮಾಳಿಗೆಗೆ ಬಂದರು. ಕುರ್ಚಿಯೂ ಬಂತು.

ಬಹಳ ಹೊತ್ತು ಏನೂ ಆಗಲಿಲ್ಲ. ಒಳಗೆ ಹಳೆಯ ಬಣ್ಣದ ವಾಸನೆ, ಗೋಡೆಯ ಮೇಲೆ ಯಾರೋ ಒರೆಸಿದ ನೀಲಿ ಕೈಗಳ ಗುರುತು. ಟೈಮ್‌ಕೀಪರ್ ಯಾವಾಗ ಹೊರಗೆ ಹೋದನೋ ನಾನು ನೋಡಲಿಲ್ಲ. ಅವನ ಹೆಂಡತಿಗೆ ಹೊದಿಕೆ ಸರಿಮಾಡುತ್ತಿದ್ದೆ. ಐದಾಗಿತ್ತು, ಗಡಿಯಾರಕ್ಕೆ ಕೀಲಿ ಕೊಡಲು ಹೋಗಿದ್ದಾನೆ. ಆಮೇಲೆ ಮೇಲಿನ ಬಾಗಿಲು ಒಳಕ್ಕೆ ಉಬ್ಬಿತು, ಹೊರಕ್ಕೆ ಉಬ್ಬಿತು, ಕಿತ್ತುಕೊಂಡು ಹೋಯಿತು. ಎಲ್ಲರ ಬಾಯಿ ತೆರೆದಿತ್ತು, ಕಿರುಚುತ್ತಿದ್ದರು ಎಂದು ಕಾಣುತ್ತದೆ. ನನಗೆ ಕಿವಿ ಒಳಗಿನಿಂದ ಎಳೆದ ಹಾಗಾಯಿತು, ಅಷ್ಟೇ.

ಹತ್ತಿ ಬಂದು ನೋಡಿದರೆ ಗೋಪುರವಿರಲಿಲ್ಲ. ಸಾಲಿನಲ್ಲಿ ಆರು ಮನೆಗೆ ಸೂರು ಹೋಗಿದೆ, ಮೂರು ಮನೆಗಳು ಇಲ್ಲವೇ ಇಲ್ಲ. ನನ್ನ ಅಡುಗೆಮನೆ ನಿಂತಿದೆ. ಟೈಮ್‌ಕೀಪರನನ್ನು ಮರುದಿನ ಮಧ್ಯಾಹ್ನ ಇಟ್ಟಿಗೆಗಳ ಕೆಳಗಿನಿಂದ ತೆಗೆದರು.

ಪೆಟ್ಟಿಗೆಗೆ ಮಣ್ಣು ತುಂಬಿದೆ. ಕಾಗದ ಒಣಗಿಸಿ ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಕೆಲಸಕ್ಕೆ ಬೇಕಾದೀತು.

ನಿನ್ನ ದೊಡ್ಡಮ್ಮ

•

ಜೂನ್ 4

ದೊಡ್ಡಮ್ಮಾ,

ಟೈಮ್‌ಕೀಪರ್ ತಾತನ ಸುದ್ದಿ ಓದಿ ಎರಡು ದಿನ ಗಾಡಿ ಹತ್ತಲಿಲ್ಲ. ಅವರು ಹೋದದ್ದನ್ನು ನೀನು ನೋಡಲಿಲ್ಲ, ನೋಡಿದ್ದರೆ ತಡೆಯುತ್ತಿದ್ದೆ. ನಿನ್ನ ಮೇಲೆ ನೀನು ಹಾಕಿಕೊಳ್ಳಬೇಡ. ಹಾಕುವುದಿದ್ದರೆ ನನ್ನ ಮೇಲೆ ಹಾಕು, ಹನ್ನೆರಡು ಎಂಬ ಸಂಖ್ಯೆ ಹುಟ್ಟಿದ್ದು ನನ್ನ ಪೆನ್ನಿನಿಂದ.

ಕಾಗದ ನೋಡಿದೆ. ಸೊಂಡಿಲು ಇಳಿದದ್ದು ನಿಜವಾದ ಐದು ಹದಿನಾರಕ್ಕೆ, ನಿಮ್ಮ ಗೋಪುರದ ಐದು ನಾಲ್ಕು. ಅಲ್ಲಿ ಒತ್ತಡದ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿದೆ. ಆದರೆ ಅದಕ್ಕೂ ಮೊದಲು ಏನೂ ಇಲ್ಲ. ಮಧ್ಯಾಹ್ನದಿಂದ ಆ ಕ್ಷಣದವರೆಗೆ ಗೆರೆ ನೂಲು ಎಳೆದಷ್ಟು ನೇರ. ಇಳಿದ ನಿಮಿಷದಲ್ಲೂ ನಿನ್ನ ಅದುರಿನ ಗುರುತಿಲ್ಲ. ಎಲ್ಲ ಸೊಂಡಿಲುಗಳೂ ಆ ಸದ್ದು ಮಾಡುವುದಿಲ್ಲ ಎಂದು ಕಾಣುತ್ತದೆ, ಇದೂ ನಮಗೆ ಗೊತ್ತಿಲ್ಲದ್ದರಲ್ಲಿ ಒಂದು.

ಹಾಗಾದರೆ ನಾಲ್ಕು ಮೂವತ್ತೈದಕ್ಕೆ ನಿನಗೆ ಬಂದಿದ್ದು ಏನು? ಮುಖ್ಯಸ್ಥರು ಪೆಟ್ಟಿಗೆ ಕೆಟ್ಟಿರಬೇಕು ಎನ್ನುತ್ತಾರೆ. ಈ ಸಲ ಗಡಿಯಾರದ ಬಗ್ಗೆ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ಚಿನಕುರಳಿ

•

ಜೂನ್ 15

ಚಿನಕುರಳಿ,

ಪೆಟ್ಟಿಗೆ ಕೆಟ್ಟಿಲ್ಲ. ಅದನ್ನು ಒರೆಸಿ ಮತ್ತೆ ಮೂಲೆಯಲ್ಲಿಟ್ಟಿದ್ದೇನೆ, ಚೆನ್ನಾಗಿಯೇ ಗೆರೆ ಎಳೆಯುತ್ತಿದೆ. ಹೋದ ಪತ್ರದಲ್ಲಿ ನಾನು ಎರಡು ಸುಳ್ಳು ಬರೆದೆ. ಕಾಗದ ಕಳಿಸಿದಾಗಲೇ ಮೊದಲನೆಯದು ನಿನಗೆ ಸಿಗುತ್ತದೆ ಎಂದು ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದೆ ಅದನ್ನು ಲಕೋಟೆಯಲ್ಲಿ ಹಾಕಿದೆ.

ಅವತ್ತು ಚೀಟಿ ಓದಿದವಳೇ ಗೇಟು ಬಡಿಯುತ್ತಾ ಹೋದೆ. "ಕಾಲಿಗೆ ಬಂತಾ, ದೊಡ್ಡಕ್ಕಾ?" ಎಂದು ಎಲ್ಲರೂ ಕೇಳಿದರು. ಬಂದಿಲ್ಲ, ತಂಗಿಯ ಮಗಳು ಈಗಲೇ ಇಳಿಯಲು ಹೇಳಿದ್ದಾಳೆ ಎಂದೆ. "ಬಂದಾಗ ಹೇಳಿ. ಹನ್ನೆರಡು ನಿಮಿಷ ಇದೆಯಲ್ಲ" ಎಂದರು. ಚೀಟಿ ತೋರಿಸಿದೆ. ಓದಿ ವಾಪಸು ಕೊಟ್ಟರು. ಒಂದು ಮನೆಯವರಂತೂ ಚಹಾ ಕುಡಿದು ಹೋಗಿ ಎಂದರು. ಹದಿನಾಲ್ಕು ಗೇಟು ಸುತ್ತಿ ಮುಗಿಸಿದಾಗ ನನ್ನ ಹಿಂದೆ ಒಬ್ಬರೂ ಇರಲಿಲ್ಲ. ಪಶ್ಚಿಮದಲ್ಲಿ ಮೋಡದ ಹೊಟ್ಟೆ ತಿರುಗುತ್ತಿತ್ತು, ಕಣ್ಣಿದ್ದವರಿಗೆ ಕಾಣುವಷ್ಟು. ಮತ್ತೆ ಮೊದಲ ಗೇಟಿಗೆ ಬಂದು "ಬಂತು" ಎಂದೆ. ಎರಡನೇ ಗೇಟಿಗೂ ಅದನ್ನೇ ಹೇಳಿದೆ. ಆಗ ಕುರ್ಚಿ ಎತ್ತಿದರು, ಆಗ ಓಡಿದರು. ನೆಲ ಕಲ್ಲಿನಂತೆ ತಣ್ಣಗೆ ಸುಮ್ಮನಿತ್ತು.

ಟೈಮ್‌ಕೀಪರ್ ಹೋದದ್ದನ್ನು ನಾನು ನೋಡಿದೆ. ನನ್ನ ಮುಂದೆಯೇ ನಿಂತು ಜೇಬಿನ ಗಡಿಯಾರವನ್ನು ನನ್ನ ಕಣ್ಣಿಗೆ ಹಿಡಿದ. "ಇಪ್ಪತ್ತೈದು ನಿಮಿಷ ಆಯ್ತು, ದೊಡ್ಡಕ್ಕಾ. ಹನ್ನೆರಡಕ್ಕೆ ಬರ್ಬೇಕಿತ್ತು. ಬರ್ಲಿಲ್ಲ ಅಂದ್ರೆ ಬೇರೆ ಕಡೆ ಹೋಯ್ತು" ಎಂದ. "ಕೀಲಿ ಕೊಟ್ಟು ಬರ್ತೀನಿ" ಎಂದ. ಅವನ ತೋಳು ಹಿಡಿದುಕೊಂಡೆ. ಅದುರು ಬಂದೇ ಇಲ್ಲ, ನಾನು ಸುಳ್ಳು ಹೇಳಿದೆ, ಇನ್ನೂ ಬರುವುದಿದೆ ಎಂದು ಹೇಳಿದ್ದರೆ ಅವನು ನಿಲ್ಲುತ್ತಿದ್ದ. ಇಪ್ಪತ್ತಾರು ಜನ ನನ್ನ ಮುಖ ನೋಡುತ್ತಿದ್ದರು. ನಾಚಿಕೆಯಾಯಿತು, ಕಣೇ. ಎಲ್ಲರೂ ಎದ್ದು ಹೊರಟುಬಿಟ್ಟರೆ ಎಂಬ ಭಯವೂ ಇತ್ತು, ಆದರೆ ನಾಚಿಕೆಯೇ ಹೆಚ್ಚು. ತೋಳು ಬಿಟ್ಟೆ. ಅವನು ನನ್ನ ಕೈ ತಟ್ಟಿ, ಮೆಟ್ಟಿಲು ಹತ್ತಿ ಹೋದ.

ನೀನು ಇನ್ನೇನನ್ನು ನಿನ್ನ ಮೇಲೆ ಹಾಕಿಕೊಂಡರೂ ಇದನ್ನು ಹಾಕಿಕೊಳ್ಳಬೇಡ. ಇದು ನನ್ನದು.

ಕಳೆದ ಭಾನುವಾರ ಎಲ್ಲರನ್ನೂ ಕೂರಿಸಿ ಹೇಳಿದೆ. ಅವನ ಹೆಂಡತಿಯ ಕಾಲು ಹಿಡಿದು ಹೇಳಿದೆ. ಅವಳು ನನ್ನ ಗಲ್ಲ ಎತ್ತಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ನಿಮ್ಮ ಕಾಲನ್ನ ನಂಬ್ದೆ ಅವರು ಹೋದ್ರು. ನಿಮ್ಮ ತಪ್ಪೇನಿದೆ?" ನಾನು ಮತ್ತೆ ಹೇಳಿದೆ, ನನ್ನ ಕಾಲು ಏನೂ ಹೇಳಿರಲಿಲ್ಲ ಎಂದು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ದೊಡ್ಡಕ್ಕನಿಗೆ ದುಃಖದಲ್ಲಿ ಮಾತು ತಪ್ಪುತ್ತಿದೆ ಎಂದುಕೊಂಡರು. ಇಪ್ಪತ್ತಾರು ಜನ ಬದುಕಿರುವಾಗ ನನ್ನ ಸುಳ್ಳನ್ನು ಸುಳ್ಳೆಂದು ಯಾರು ಒಪ್ಪುತ್ತಾರೆ? ಈಗ ದಿನಾ ಬೆಳಗ್ಗೆ ಯಾರಾದರೊಬ್ಬರು ಬಂದು, "ಇವತ್ತು ಹೇಗೆ?" ಎಂದು ಕೇಳಿ ಹೋಗುತ್ತಾರೆ. ಯಾರೋ ನನಗೆ ಹೊಸ ಚಪ್ಪಲಿ ತಂದಿದ್ದರು, ಮರುದಿನ ಅವರೇ ವಾಪಸು ಕೊಂಡೊಯ್ದರು. ಅಂಗಾಲು ಮುಚ್ಚಬಾರದಂತೆ.

ನಿನ್ನೆ ಮಧ್ಯಾಹ್ನ ಮತ್ತೆ ಮೋಡ ಎದ್ದಿತು. ಬೆಳಕು ನೀನು ಬರೆದಿದ್ದೆಯಲ್ಲ, ಹಾಗೇ ಹಸಿರಾಯಿತು. ಹೊರಗೆ ಬಂದು ನೋಡಿದರೆ ಸಾಲಿನವರೆಲ್ಲ ನನ್ನ ಗೇಟಿನ ಆಚೆ ನಿಂತಿದ್ದಾರೆ, ಕುರ್ಚಿಯನ್ನೂ ತಂದಿದ್ದಾರೆ. ಯಾರ ತುಟಿಯೂ ಅಲುಗುತ್ತಿರಲಿಲ್ಲ. ನಾನು ಕೈ ಎತ್ತಿ ಪಶ್ಚಿಮವನ್ನು ತೋರಿಸಿದೆ. ಅಲ್ಲಿ ನೋಡಿ, ಅಲ್ಲಿ ನೋಡಿ ಎಂದು ಕೂಗಿದೆ, ನನ್ನ ಗಂಟಲು ಉರಿಯುವಷ್ಟು ಕೂಗಿದೆ. ಒಬ್ಬರೂ ತಲೆಯೆತ್ತಲಿಲ್ಲ. ಎಲ್ಲರೂ ನನ್ನ ಪಾದಗಳನ್ನೇ ನೋಡುತ್ತಿದ್ದರು.

ನೆಲದಲ್ಲಿ ಏನೂ ಇರಲಿಲ್ಲ. ನಾನು ನೆಲಮಾಳಿಗೆಯ ಕಡೆಗೆ ಹೊರಟೆ. ಆಗ ಅವರೂ ಹೊರಟರು.

ನಿನ್ನ ದೊಡ್ಡಮ್ಮ